ಆರ್‌ಎಕ್ಸ್ 100 ಬೈಕಿನ ಕ್ಲಚ್, ಮೂರನೇ ವಾರ: ಬಿಸಿಯಾದರೆ ಮಾತ್ರ ಹಟ

ನ್ಯೂಟ್ರಲ್ ಬಿತ್ತು. ಅರ್ಧ ಗಂಟೆ ಓಡಿಸಿ ಇಂಜಿನ್ ಮುಟ್ಟಲಾಗದಷ್ಟು ಕಾದ ಮೇಲೆ, ನಿಂತಲ್ಲೇ, ಕಾಲಿನ ಒಂದೇ ತಟ್ಟಿಗೆ. ಹಸಿರು ದೀಪ ನೋಡಿ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಹಿಂದಿನ ಎರಡು ವಾರದ ಲೆಕ್ಕ ಚುಟುಕಾಗಿ: ಹೊಸ ಕೇಬಲ್, ಹೊಸ ಗೇರ್ ಆಯಿಲ್, ಹೊಸ ಫ್ರಿಕ್ಷನ್ ಪ್ಲೇಟ್ (ಕ್ಲಚ್ಚಿನೊಳಗೆ ಉಜ್ಜಿ ಹಿಡಿಯುವ ಬಿಲ್ಲೆಗಳು). ಫಲ ಸೊನ್ನೆ. ರೋಗ ಇದು: ಬೆಳಿಗ್ಗೆ ತಣ್ಣಗಿದ್ದಾಗ ಗಾಡಿ ಹೇಳಿದ ಮಾತು ಕೇಳುತ್ತೆ. ಎಂಟು ಹತ್ತು ಕಿಲೋಮೀಟರ್ ಆದ ಮೇಲೆ ಸಿಗ್ನಲ್‌ನಲ್ಲಿ ಕ್ಲಚ್ ಪೂರ್ತಿ ಹಿಡಿದರೂ ಮುಂದಕ್ಕೆ ತೆವಳುತ್ತೆ, ನ್ಯೂಟ್ರಲ್ ಬೀಳಲ್ಲ. ಬೆಳಗಿನ ಮೊದಲ ಗೇರಿನ 'ಟಕ್' ಸದ್ದನ್ನು ಈ ಖಾತೆಗೆ ಸೇರಿಸಬೇಡಿ. ರಾತ್ರಿಯೆಲ್ಲ ಆಯಿಲ್‌ನಲ್ಲಿ ಅಂಟಿಕೊಂಡ ಪ್ಲೇಟ್‌ಗಳು ಬಿಡಿಸಿಕೊಳ್ಳುವ ಸದ್ದು ಅದು. ಕ್ಲಚ್ ಹಿಡಿದು ಎರಡು ಸಲ ಕಿಕ್ ಒತ್ತಿದರೆ ಹೋಗುತ್ತೆ.

ಕವರ್ ಬಿಚ್ಚಿದ್ದು, ಪ್ಲೇಟ್ ಹೊರತೆಗೆದದ್ದು ಬರೆಯಲ್ಲ, ಎಲ್ಲರಿಗೂ ಗೊತ್ತಿರೋದೇ. ಮೊದಲು ಕಣ್ಣಿಗೆ ಬಿದ್ದದ್ದು ಬಾಸ್ಕೆಟ್, ಪ್ಲೇಟ್‌ಗಳೆಲ್ಲ ಕೂರುವ ಬುಟ್ಟಿ. ಫ್ರಿಕ್ಷನ್ ಪ್ಲೇಟಿನ ಕಿವಿಗಳು ಬಡಿದೂ ಬಡಿದೂ ಅಲ್ಯೂಮಿನಿಯಂ ಬೆರಳುಗಳಲ್ಲಿ ಸಾಲಾಗಿ ಹಲ್ಲಿನ ಗುರುತು. ಉಗುರು ಎಳೆದರೆ ಪ್ರತಿ ಗುರುತಿನಲ್ಲೂ ಸಿಕ್ಕಿಕೊಳ್ಳುತ್ತೆ. ಉಗುರೇ ಸಿಕ್ಕಿಕೊಳ್ಳುವ ಕಡೆ ಪ್ಲೇಟ್ ಜಾರುತ್ತಾ? ಸಣ್ಣ ಹಲ್ಲಿನ ಚಪ್ಪಟೆ ಅರ ನೇರವಾಗಿ ಹಿಡಿದು ಉಬ್ಬಿದ ಅಂಚನ್ನಷ್ಟೇ ತೆಗೆದದ್ದಾಯ್ತು. ಗುಂಡಿಯ ತಳದವರೆಗೆ ಉಜ್ಜುವ ಹುಮ್ಮಸ್ಸು ಬೇಡ: ಕಿವಿಗೂ ಬೆರಳಿಗೂ ನಡುವೆ ಸಂದು ಹೆಚ್ಚಾದಷ್ಟೂ ಬಡಿತ ಜೋರು, ಆರು ತಿಂಗಳಲ್ಲಿ ಮತ್ತೆ ಅದೇ ಗುಂಡಿ. ಗುಂಡಿ ಅರ್ಧ ಮಿಮೀ ದಾಟಿದ್ದರೆ ಬಾಸ್ಕೆಟ್ ಬದಲಿಸೋದೇ ಸರಿ. ಅರದ ಪುಡಿಯನ್ನು ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆಯಿರಿ, ಒಂದು ಚೂರು ಉಳಿದರೂ ಬೇರಿಂಗ್ ಅದನ್ನು ಹುಡುಕಿಕೊಂಡು ಹೋಗುತ್ತೆ.

ಇನ್ನು ಪ್ಲೇಟ್ ವಿಚಾರ. ಪ್ಯಾಕೆಟ್ ಮೇಲೆ ಹೊಳೆಯುವ ಸ್ಟಿಕ್ಕರ್, ಅಂಗಡಿಯವರ ಬಾಯಲ್ಲಿ 'ಒರಿಜಿನಲ್ ಸಾರ್, ಕಣ್ಮುಚ್ಚಿ ಹಾಕಿ'. ಕಣ್ಮುಚ್ಚಿ ಹಾಕಬೇಕಾದ ಕಾರಣ ವರ್ನಿಯರ್ ಇಟ್ಟು ದಪ್ಪ ಅಳೆದ ಮೇಲೆ ಗೊತ್ತಾಯ್ತು: ಒಂದೇ ಸೆಟ್ಟಿನಲ್ಲಿ ಒಂದು ಪ್ಲೇಟ್ 2.9 ಮಿಮೀ, ಇನ್ನೊಂದು 3.2. ಫ್ರಿಕ್ಷನ್ ಪ್ಲೇಟ್‌ಗಳ ನಡುವೆ ಕೂರುವ ಸ್ಟೀಲ್ ಪ್ಲೇಟಿನ ಒಂದು ಅಂಚಿನಲ್ಲಿ ಅಚ್ಚು ಹೊಡೆದಾಗಿನ ಚೂಪು ಹಾಗೇ ಇತ್ತು. ಗಾಜಿನ ಮೇಲೆ ಮರಳು ಕಾಗದ ಅಂಟಿಸಿ ಚೂಪು ತೆಗೆದು, ಅದೇ ಗಾಜಿನ ಮೇಲೆ ಮಲಗಿಸಿ ಕೆಳಗೆ 0.05 ಮಿಮೀ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ನುಗ್ಗುತ್ತಾ ನೋಡಿದ್ದಾಯ್ತು. ನುಗ್ಗಿದ ಒಂದು ಪ್ಲೇಟ್ ಗುಜರಿಗೆ. ಕವರ್ ಅಂಚಿಗೆ ಹಾಕುವ ಪ್ಯಾಕಿಂಗ್‌ನ (ಗ್ಯಾಸ್ಕೆಟ್) ತೂತುಗಳಂತೂ ಬೇರೆ ಯಾವುದೋ ಗಾಡಿಯನ್ನು ನೆನೆಸಿಕೊಂಡು ಕೊರೆದವು, ಅದರ ಮಾತು ಬೇಡ.

ಇಷ್ಟೆಲ್ಲ ಮಾಡಿ ಕೂರಿಸಿದರೆ ಮುಕ್ಕಾಲು ವಾಸಿ. ಉಳಿದ ಕಾಲು ಭಾಗವೇ ಈ ವಾರವನ್ನೆಲ್ಲ ತಿಂದದ್ದು.

ಲೆಕ್ಕ ಹೀಗಿದೆ. ಐದು ಫ್ರಿಕ್ಷನ್ ಪ್ಲೇಟ್ ಅಂತ ಹಿಡಿದರೆ ಉಜ್ಜುವ ಮುಖ ಹತ್ತು. ಇವನ್ನೆಲ್ಲ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ 1.3 ಮಿಮೀ ಎದ್ದರೆ ಒಂದೊಂದು ಮುಖದ ಪಾಲಿಗೆ ಬರೋದು 0.13. ಅಷ್ಟರಲ್ಲೇ ಆಯಿಲ್ ಪದರ, ಪ್ಲೇಟಿನ ಸೊಟ್ಟ ಎಲ್ಲ ಹೊಂದಿಕೊಳ್ಳಬೇಕು. ಹಾಗಾಗಿ ಎಷ್ಟು ಏಳುತ್ತೆ ಅಂತ ಅಳೆಯದೆ ವಿಧಿಯಿಲ್ಲ. ಸೂಕ್ಷ್ಮ ಚಲನೆ ಅಳೆಯುವ ಡಯಲ್ ಗೇಜಿನ ಆಯಸ್ಕಾಂತದ ಸ್ಟ್ಯಾಂಡ್ ಇಂಜಿನ್ನಿನ ಅಲ್ಯೂಮಿನಿಯಂ ಕೇಸಿಗೆ ಅಂಟಲ್ಲ ಅನ್ನೋದು ಅದನ್ನು ಮೂರು ಸಲ ಬೀಳಿಸಿದ ಮೇಲೆ ಹೊಳೆಯಿತು. ಫುಟ್‌ರೆಸ್ಟ್ ಕಂಬಿಗೆ ಕಚ್ಚಿಸಿ, ಸೂಜಿಯನ್ನು ಪ್ರೆಶರ್ ಪ್ಲೇಟ್ ಮೇಲಿಟ್ಟು ಲಿವರ್ ಎಳೆದರೆ ಬಂದದ್ದು 0.85. ಕೇಬಲ್ ಹೊಸದು, ಲಿವರ್ ಹ್ಯಾಂಡಲ್ ಮುಟ್ಟುತ್ತಿದೆ. ಮಿಕ್ಕ 0.45 ಎಲ್ಲಿ ಹೋಯ್ತು?

ಎಡಗಡೆಯ ವರ್ಮ್‌ನಲ್ಲಿ, ಅಂದರೆ ಕೇಬಲ್ ಎಳೆದಾಗ ತಿರುಗುತ್ತಾ ಮುಂದೆ ಸರಿದು, ಪುಶ್ ರಾಡ್ ಅನ್ನೋ ಉದ್ದ ಕಡ್ಡಿಯಿಂದ ಪ್ರೆಶರ್ ಪ್ಲೇಟ್ ಎತ್ತುವ ಸ್ಕ್ರೂ ಎಳೆಯ ತುಂಡಿನಲ್ಲಿ. ಬಿಚ್ಚಿ ಎರಡು ಬೆರಳಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಆಡಿಸಿದರೆ 'ಟಿಕ್ ಟಿಕ್'. ಎಳೆ ಸವೆದಿದೆ. ಅಡ್ಜಸ್ಟರ್ ಸ್ಕ್ರೂವನ್ನು ಮೆಲ್ಲಗೆ ಪುಶ್ ರಾಡಿಗೆ ತಾಗಿಸುವಾಗ ಈ ಸಡಿಲ ಗೊತ್ತೇ ಆಗಲ್ಲ. ಸ್ಪ್ರಿಂಗ್‌ಗಳ ಭಾರ ಬಿದ್ದ ಕೂಡಲೇ ವರ್ಮ್ ಹಿಂದಕ್ಕೆ ಜಾರುತ್ತೆ. ಲಿವರ್ ಎಳೆದ ಮೊದಲ ಪಾಲೆಲ್ಲ ಆ ಸಡಿಲ ತುಂಬೋದಕ್ಕೇ ಖರ್ಚು. ಅಡ್ಜಸ್ಟರ್ ಇನ್ನಷ್ಟು ತಿರುಗಿಸಿ ಸರಿದೂಗಿಸಬಹುದಲ್ಲ? ಸರಿದೂಗಿಸಬಹುದು, ಎರಡು ದಿನ. ಸವೆದ ಎಳೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರಲ್ಲ.

ಆದರೂ ಬಿಸಿಯಾದಾಗ ಮಾತ್ರ ಯಾಕೆ? ಕೇಸ್ ಅಲ್ಯೂಮಿನಿಯಂ, ಪುಶ್ ರಾಡ್ ಉಕ್ಕು. ಒಂದೇ ಬಿಸಿಗೆ ಅಲ್ಯೂಮಿನಿಯಂ ಹಿಗ್ಗೋದು ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು. 15 ಸೆಂಮೀ ಉದ್ದ, 60 ಡಿಗ್ರಿ ಏರಿಕೆ ಅಂತಿಟ್ಟರೆ ವ್ಯತ್ಯಾಸ ಸುಮಾರು 0.1 ಮಿಮೀ. ಕೇಸ್ ಅಗಲವಾಯ್ತು, ರಾಡ್ ಅಷ್ಟು ಗಿಡ್ಡವಾದ ಹಾಗೆ. 1.3 ಇದ್ದವನಿಗೆ 0.1 ಹೋದರೆ ಬಡತನ ಬರಲ್ಲ, 0.85ರಲ್ಲಿ ಹೋದರೆ ಪ್ಲೇಟ್ ಉಜ್ಜುತ್ತೆ.

ಇದೇ ಲೆಕ್ಕ ತಿರುಗಿಸಿ ನೋಡಿ. ಸಿಗ್ನಲ್‌ನಲ್ಲಿ ತಾಳ್ಮೆ ಕೆಟ್ಟು, ಕಾದ ಇಂಜಿನ್ನಿನಲ್ಲಿ ಸಂದೇ ಇಲ್ಲದ ಹಾಗೆ ಬಿಗಿ ಮಾಡಿದರೆ ಮರುದಿನ ತಣ್ಣಗಿದ್ದಾಗ ಕೇಸ್ ಕುಗ್ಗಿ ರಾಡ್ ಸದಾ ಒತ್ತಿಕೊಂಡೇ ಇರುತ್ತೆ. ಒಂದು ಕಡೆ ಪ್ಲೇಟ್‌ಗಳು ಜಾರಿ ಕ್ಲಚ್ ಸ್ಲಿಪ್, ಇನ್ನೊಂದು ಕಡೆ ರಾಡಿನ ತುದಿ ಅದಕ್ಕೆ ತಾಗುವ ಉಕ್ಕಿನ ಬಾಲ್ ಮೇಲೆ ತಿರುಗಿ ಸುಟ್ಟು ನೀಲಿಯಾಗಿ ಅಣಬೆಯ ಹಾಗೆ ಅರಳುತ್ತೆ. ಈ ಗಾಡಿಯ ರಾಡೂ ಹಾಗೇ ನೀಲಿ. ಗಟ್ಟಿತನ ಹೋದ ತುದಿಯನ್ನು ಉಜ್ಜಿ ಸರಿಮಾಡಿ ಪ್ರಯೋಜನವಿಲ್ಲ, ರಾಡ್ ಮತ್ತು ಬಾಲ್ ಎರಡೂ ಹೊಸದು.

ಹೊಸ ವರ್ಮಿಗೆ ಗ್ರೀಸ್, ಹಿಡಿಯುವ ಸ್ಕ್ರೂಗಳಿಗೆ ಒಂದೊಂದು ಹನಿ ಥ್ರೆಡ್ ಲಾಕ್ ಅಂಟು. ಸೆಟ್ಟಿಂಗ್ ರಾತ್ರಿಯೆಲ್ಲ ನಿಂತ ತಣ್ಣನೆ ಇಂಜಿನ್ನಿನಲ್ಲಿ: ಮೊದಲು ಕೇಬಲ್ ಪೂರ್ತಿ ಸಡಿಲ ಬಿಡಿ, ಅಡ್ಜಸ್ಟರ್ ಸ್ಕ್ರೂ ತಾಗುವವರೆಗೆ ಒಳಕ್ಕೆ, ಅಲ್ಲಿಂದ ಕಾಲು ಸುತ್ತು ವಾಪಸ್, ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದೇ ಲಾಕ್ ನಟ್. ಕೇಬಲ್ಲನ್ನು ಕಡೆಗೆ, ಲಿವರಿನ ಬುಡದಲ್ಲಿ 2-3 ಮಿಮೀ ಸಡಿಲ ಉಳಿಯುವ ಹಾಗೆ. ಗೇಜ್ ಈಗ 1.3 ತೋರಿಸಿತು. ಪ್ಲೇಟ್ ಸವೆಯುತ್ತಾ ಹೋದ ಹಾಗೆ ಲಿವರಿನ ಈ ಸಡಿಲ ಕಮ್ಮಿಯಾಗುತ್ತೆ, ಕೇಬಲ್ ಹಿಗ್ಗಿದರೆ ಜಾಸ್ತಿಯಾಗುತ್ತೆ. ಯಾವ ಕಡೆಗೆ ಓಡುತ್ತಿದೆ ಅನ್ನೋದನ್ನು ನೋಡಿದರೆ ರೋಗ ಅರ್ಧ ಗೊತ್ತಾದ ಹಾಗೆ. ಬಲಗಡೆ ಕವರ್ ಬಿಚ್ಚುವಾಗ ಇಂಜಿನ್ನಿಗೆ ಆಯಿಲ್ ತಳ್ಳುವ ಆಟೋಲೂಬ್ ಪಂಪಿನ ಪೈಪ್ ತೆಗೆದಿದ್ದರೆ ಗಾಳಿ ಬಿಡಿಸೋದು ಮರೀಬೇಡಿ, ಕ್ಲಚ್ ರಿಪೇರಿ ಹೋಗಿ ಪಿಸ್ಟನ್ ರಿಪೇರಿಯಾದೀತು.

ಮುಂದಿನದು ಮೂಲೆಯಲ್ಲಿ ಗೋಣಿ ಹೊದ್ದು ಮಲಗಿರುವ ಹಳೆಯ ಯೆಜ್ಡಿ ಬೈಕ್. ಮೈಸೂರಿನ ಯಾದವಗಿರಿಯಲ್ಲಿದ್ದ ಕಾರ್ಖಾನೆಯ ಮಾಲು. ಗೇರ್ ಲಿವರೇ ತಿರುಗಿಸಿದರೆ ಕಿಕ್, ಅದೇ ಲಿವರನ್ನು ಕಾಲಲ್ಲಿ ಒತ್ತಿದರೆ ಕ್ಲಚ್ಚೂ ತಾನೇ ಬಿಡಬೇಕು. ಬಿಡುತ್ತಿಲ್ಲ. ಇಲ್ಲಿ ಸಡಿಲ ಹುಡುಕೋಕೆ ದಾರಿ ಎರಡು, ಕೈಯದೊಂದು ಕಾಲಿನದೊಂದು. ಗೇಜಿನ ಸ್ಟ್ಯಾಂಡ್ ಕಚ್ಚಿಸೋಕೆ ಜಾಗ ಮೊದಲೇ ನೋಡಿಟ್ಟಿದ್ದಾಗಿದೆ.