ಮುನ್ನೂರು ಯೂರೋ ಚಾಕುವಿಗೆ ಬಳ್ಳಾರಿಯಲ್ಲಿ ಏನು ಕೆಲಸ?

ಊರಿಗೆ ಹೊರಟಿದ್ದೇನೆ ಅಂತ ಗೊತ್ತಾದರೆ ಸಾಕು, ಬಳ್ಳಾರಿಯಿಂದ ಫೋನು ಶುರು. ಮೊದಲೆಲ್ಲ ಚಾಕಲೇಟು, ಸೆಂಟು ಕೇಳುತ್ತಿದ್ದರು. ಈಗ ಚಾಕು ಕೇಳುತ್ತಾರೆ. ಅಡುಗೆ ವಿಡಿಯೋ ನೋಡಿ ನೋಡಿ ಹೀಗಾಗಿರಬೇಕು. "ಜರ್ಮನಿದು ಒಂದು ಚಲೋ ಚಾಕು ತಂದುಬಿಡಪಾ, ರೇಟು ಎಷ್ಟಾದ್ರೂ ಆಗ್ಲಿ" ಅನ್ನುವವರಿಗೆಲ್ಲ ಸೇರಿಸಿ ಇಲ್ಲೇ ಉತ್ತರ ಬರೆಯುತ್ತಿದ್ದೇನೆ. ಆ ರೇಟಿನ ಮಾತನ್ನು ಮೊದಲು ವಾಪಸ್ ತಗೊಳ್ಳಿ.

ನಾನಿರುವುದು ಡಸೆಲ್‌ಡಾರ್ಫ್‌ನಲ್ಲಿ. ಚಾಕು ನೋಡುವವರಿಗೆ ಇದಕ್ಕಿಂತ ಒಳ್ಳೆ ಊರು ಸಿಗುವುದು ಕಷ್ಟ. ಲೋಕಲ್ ಟ್ರೈನ್ ಹತ್ತಿದರೆ ಅರ್ಧ ಗಂಟೆಯೊಳಗೆ ಸೋಲಿಂಗನ್. ಕತ್ತಿ, ಚಾಕು, ಕತ್ತರಿಗೆ ನೂರಾರು ವರ್ಷಗಳಿಂದ ಹೆಸರಾದ ಪಟ್ಟಣ. ಇತ್ತ ಡಸೆಲ್‌ಡಾರ್ಫ್ ಒಳಗೇ ಇಮ್ಮರ್‌ಮನ್ ಬೀದಿ ಅಂತ ಇದೆ. ಯುರೋಪಿನಲ್ಲಿ ಜಪಾನಿನವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರುಗಳಲ್ಲಿ ಇದೂ ಒಂದು. ಅವರ ಅಂಗಡಿಗಳೆಲ್ಲ ಆ ಬೀದಿಯ ಸುತ್ತಮುತ್ತ. ಹಾಗಾಗಿ ಜರ್ಮನ್ ಚಾಕು, ಜಪಾನ್ ಚಾಕು ಎರಡನ್ನೂ ಒಂದೇ ದಿನ ಕೈಯಲ್ಲಿ ಹಿಡಿದು ನೋಡಬಹುದು.

ಸೋಲಿಂಗನ್‌ನಲ್ಲಿ ವುಪ್ಪರ್ ಅಂತ ಒಂದು ನದಿ. ಅದರ ನೀರಿನಿಂದ ಚಕ್ರ ತಿರುಗಿಸಿ ಸಾಣೆ ಹಿಡಿಯುತ್ತಿದ್ದ ಹಳೇ ಕಟ್ಟಡಗಳು ಒಂದೆರಡು ಈಗಲೂ ಇವೆ. ಜೋಡಿ ಗೊಂಬೆ ಗುರುತಿನ ಜ್ವಿಲಿಂಗ್ ಚಾಕು ಕಂಪನಿ ಶುರುವಾಗಿದ್ದು 1731ರಲ್ಲಿ, ವುಸ್ಟಾಫ್ 1814ರಲ್ಲಿ. ಊರಿನ ಹೆಸರಿಗೇ 1938ರಿಂದ ಕಾನೂನಿನ ರಕ್ಷಣೆ ಇದೆ. ಮುಖ್ಯ ಕೆಲಸವೆಲ್ಲ ಅಲ್ಲೇ ಆಗದಿದ್ದರೆ ಅಲಗಿನ ಮೇಲೆ ಸೋಲಿಂಗನ್ ಅಂತ ಹಾಕುವಂತಿಲ್ಲ. ಆನ್‌ಲೈನ್‌ನಲ್ಲಿ 'ಜರ್ಮನ್ ಸ್ಟೀಲ್' ಅಂತ ಬರೆದು ಮಾರುತ್ತಾರಲ್ಲ, ಅದು ಬೇರೆ. ಉಕ್ಕು ಜರ್ಮನಿದಾಗಿದ್ದು ಚಾಕು ಎಲ್ಲಿಯದೋ ಇರಬಹುದು. ದೊಡ್ಡ ಕಂಪನಿಗಳೂ ಕಡಿಮೆ ಬೆಲೆಯ ಮಾಲನ್ನು ಬೇರೆ ದೇಶಗಳಲ್ಲಿ ಮಾಡಿಸುತ್ತವೆ. ದುಡ್ಡು ಕೊಡುವ ಮುಂಚೆ ಅಲಗು ಓದಿ.

ಹೋದ ಸಲ ಬಂದಾಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಮಾವ ನನ್ನ ಚಾಕುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಕಾರ್ಬನ್ ಎಷ್ಟೈತಿ ಇದ್ರಾಗ?" ಸರಿಯಾದ ಪ್ರಶ್ನೆ. ಕಾರ್ಬನ್ ಅಂದರೆ ಇಂಗಾಲ, ಉಕ್ಕು ಎಷ್ಟು ಗಡಸಾಗಬಲ್ಲದು ಅನ್ನುವುದು ಅದರ ಮೇಲಿದೆ. ಮನೆ ಕಟ್ಟುವ ಕಂಬಿಯಲ್ಲಿ ಇಂಗಾಲ ಶೇ 0.3ರ ಒಳಗೇ ಇರುತ್ತದೆ. ಸೋಲಿಂಗನ್ ಚಾಕುಗಳಲ್ಲಿ ಹೆಚ್ಚಾಗಿ ಬಳಸುವ ಉಕ್ಕಿನಲ್ಲಿ ಇಂಗಾಲ ಶೇ 0.5, ಕ್ರೋಮಿಯಂ ಶೇ 15 ಆಸುಪಾಸು. ಕ್ರೋಮಿಯಂ ಇಷ್ಟಿರುವುದರಿಂದ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರಿಂದ 58. ಜಪಾನಿನ ಒಳ್ಳೆ ಚಾಕುಗಳಲ್ಲಿ ಇಂಗಾಲ ಶೇ 1ರ ಸುತ್ತ, ಕೆಲವದರಲ್ಲಿ ಅದಕ್ಕೂ ಜಾಸ್ತಿ. ಗಡಸುತನ 60 ದಾಟುತ್ತದೆ.

ಗಡಸು ಜಾಸ್ತಿಯಾದರೆ ಅಲಗನ್ನು ತೆಳ್ಳಗೆ ಮಸೆಯಬಹುದು. ಹರಿತ ತುಂಬಾ ದಿನ ನಿಲ್ಲುತ್ತದೆ. ಜಪಾನ್ ಚಾಕುವಿನಲ್ಲಿ ಟೊಮೆಟೊ ಹೆಚ್ಚಿದರೆ ಒತ್ತುವುದೇ ಬೇಡ, ಅಲಗಿನ ಭಾರಕ್ಕೇ ಸಿಪ್ಪೆ ಬಿಟ್ಟುಕೊಡುತ್ತದೆ. ಚಾಕುವಿಗೆ ಹೆಸರಾದ ಜಪಾನಿನ ಸಕಾಯ್ ಊರಿನಲ್ಲಿ ಬಡಿಯುವವರು ಒಬ್ಬರು, ಮಸೆಯುವವರು ಇನ್ನೊಬ್ಬರು, ಹಿಡಿ ಹಾಕುವವರು ಮತ್ತೊಬ್ಬರು. ಕೆಲಸದ ಅಚ್ಚುಕಟ್ಟು ನೋಡಿದರೆ ಕೊಟ್ಟ ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ.

ಆದರೆ ಗಡಸು ಹೆಚ್ಚಾದಷ್ಟೂ ಪೆಳಸು. ಇಲ್ಲಿರುವ ರಾಯಚೂರಿನ ಗೆಳೆಯನೊಬ್ಬ ಮುನ್ನೂರು ಯೂರೋ ಕೊಟ್ಟು ಒಂದು ಜಪಾನ್ ಚಾಕು ತಗೊಂಡ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಲೆಕ್ಕ ನೀವೇ ಹಾಕಿ. ಚಟ್ನಿಪುಡಿಗೆ ಅಂತ ಒಣ ಕೊಬ್ಬರಿ ಬಟ್ಟಲನ್ನು ಅದರಲ್ಲೇ ಹೆಚ್ಚಿದ. ಅಲಗಿನ ಮಧ್ಯೆ ಎರಡು ಕಡೆ ಅರ್ಧ ಚಂದ್ರದಂತೆ ಚಕ್ಕೆ ಎದ್ದಿದೆ. ಬೆಳಕಿಗೆ ಹಿಡಿದರೆ ಮಿಂಚುತ್ತದೆ, ಬೆರಳಾಡಿಸಿದರೆ ಉಗುರಿಗೆ ಸಿಗುತ್ತದೆ. ಜರ್ಮನ್ ಚಾಕು ಆಗಿದ್ದರೆ ಬಾಯಿ ಸ್ವಲ್ಪ ಮಡಚುತ್ತಿತ್ತು ಅಷ್ಟೇ. ಮಸೆಯುವ ಕಡ್ಡಿಗೆ ನಾಲ್ಕು ಸಲ ಎಳೆದರೆ ನೆಟ್ಟಗಾಗುತ್ತಿತ್ತು.

ಇನ್ನು ಪದರ ಪದರ ಉಕ್ಕು ಸೇರಿಸಿ ಮಾಡಿದ ಅಲಗಿನ ಮೇಲೆ ಕಾಣುವ ಅಲೆ ಅಲೆಯಾದ ಡಮಾಸ್ಕಸ್ ಗೆರೆಗಳು. ನೋಡೋಕೆ ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ತರಕಾರಿ ಹೆಚ್ಚುವುದು ನಡುವಿನ ಒಂದು ಪದರ ಮಾತ್ರ. ಅಗ್ಗದ ಚಾಕುಗಳ ಮೇಲೆ ಆ ಗೆರೆಗಳನ್ನು ಲೇಸರ್‌ನಿಂದ ಬರೆದಿರುವುದೂ ಉಂಟು. ಗೆರೆಗೆ ದುಡ್ಡು ಕೊಡಬೇಡಿ.

ಜರ್ಮನ್ ಚಾಕುವಿನಲ್ಲೂ ಒಂದು ತಕರಾರಿದೆ. ಅಲಗು ಮುಗಿದು ಹಿಡಿ ಶುರುವಾಗುವ ಕಡೆ ಕೆಲವದರಲ್ಲಿ ದಪ್ಪ ಉಕ್ಕಿನ ಪಟ್ಟಿ ಬಾಯಿಯ ತನಕ ಇಳಿದಿರುತ್ತದೆ. ನೋಡಿದರೆ ಗಟ್ಟಿಮುಟ್ಟು ಅನ್ನಿಸುತ್ತದೆ. ಮಸೆಯುವಾಗ ಅದೇ ಅಡ್ಡ. ವರ್ಷಗಟ್ಟಲೆ ಮಸೆದ ಮೇಲೆ ಪಟ್ಟಿಯ ಪಕ್ಕ ಅಲಗು ಸವೆದು ಹಳ್ಳ ಬೀಳುತ್ತದೆ. ಆಮೇಲೆ ಅಲ್ಲಿ ಬಾಯಿ ಮಣೆಗೆ ತಾಗುವುದೇ ಇಲ್ಲ. ಉಳ್ಳಾಗಡ್ಡಿ ಚೂರುಗಳು ಸರದ ಹಾಗೆ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ನೂರು ಯೂರೋ ದಾಟಿ ಕೊಡುವುದೇ ಆದರೆ ಆ ಪಟ್ಟಿ ಅರ್ಧಕ್ಕೇ ನಿಂತಿರುವುದನ್ನು ಕೇಳಿ ತಗೊಳ್ಳಿ.

ಈಗ ನಮ್ಮ ಅಡುಗೆಮನೆಗೆ ಬರೋಣ. ದೊಡ್ಡ ಚಾಕು ನಿಂತು ಮಣೆ ಮೇಲೆ ಹೆಚ್ಚುವವರಿಗೆ. ನಮ್ಮಮ್ಮ ಹೆಚ್ಚುವುದು ಕೈಯಲ್ಲಿ. ಎಣಗಾಯಿಗೆ ಬದನೆಕಾಯಿಯನ್ನು ತೊಟ್ಟು ಬಿಡದ ಹಾಗೆ ನಾಲ್ಕು ಸೀಳು ಹಾಕಬೇಕು. ಮಿರ್ಚಿಗೆ ಮೆಣಸಿನಕಾಯಿಯನ್ನು ಉದ್ದಕ್ಕೆ ಒಂದೇ ಗೆರೆ ಸೀಳಿ ಬೀಜ ತೆಗೆಯಬೇಕು. ಎರಡೂ ಹೆಬ್ಬೆರಳ ಕಡೆಗೆ ಅಲಗು ಎಳೆಯುವ ಕೆಲಸ. 20 ಸೆಂಟಿಮೀಟರ್ ಅಲಗು ಕೊಟ್ಟರೆ ಅಮ್ಮ ಅದನ್ನು ಕಲ್ಲಂಗಡಿಗೆ ಎತ್ತಿಡುತ್ತಾರೆ. ಜಾಸ್ತಿ ಹೆಚ್ಚುವುದಿದ್ದರೆ ಈಳಿಗೆ ಇದ್ದೇ ಇದೆ. ಅದರ ಮುಂದೆ ಕೂತರೆ ಎರಡೂ ಕೈ ಖಾಲಿ, ಯಾವ ಚಾಕುವಿಗೂ ಅದು ಬರುವುದಿಲ್ಲ.

ಹಾಗಾಗಿ ಅಮ್ಮನಿಗೆ ತಂದಿದ್ದು ಸೋಲಿಂಗನ್‌ನದೇ ಪುಟ್ಟ ಚಾಕು. ಗಾಳಿಗಿರಣಿ ಗುರುತಿನದು. ರಾಬರ್ಟ್ ಹೆರ್ಡರ್ ಅನ್ನುವ ಕಂಪನಿ 1872ರಿಂದ ಮಾಡುತ್ತಿದೆ. ಮರದ ಹಿಡಿ, ಬೆರಳುದ್ದದ ತೆಳ್ಳನೆ ಅಲಗು, ಬೆಲೆ 15 ಯೂರೋ ಆಸುಪಾಸು. ಸ್ಟೇನ್‌ಲೆಸ್ ಅಲ್ಲದ, ಅಂದರೆ ಕಾರ್ಬನ್ ಉಕ್ಕಿನ ನಮೂನೆಯೂ ಸಿಗುತ್ತದೆ, ನಾನು ತಂದಿದ್ದು ಅದೇ. ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿದರೆ ಕಪ್ಪಾಗುತ್ತದೆ. ಇಲ್ಲಿನವರು ಇದಕ್ಕೆ ಗಾಬರಿಯಾಗಿ ವಾಪಸ್ ಕೊಡುವುದೂ ಇದೆಯಂತೆ. ಅಮ್ಮ ಮಾತ್ರ "ಈಳಿಗೀನೂ ಹಿಂಗ ಆಗತೈತಿ" ಅಂತ ಒರೆಸಿಟ್ಟರು. ಜಪಾನಿನ ದುಬಾರಿ ಕಾರ್ಬನ್ ಉಕ್ಕಿಗೂ ಇದೇ ಉಪಚಾರ: ತೊಳೆ, ತಕ್ಷಣ ಒರೆಸು. ಹೊಸದಾಗಿ ಕಲಿಯುವುದೇನೂ ಇಲ್ಲ.

ನನ್ನ ಕೇಳಿದರೆ ಮಿಕ್ಕ ದುಡ್ಡನ್ನು ಸಾಣೆಕಲ್ಲಿಗೆ ಹಾಕಿ. ಸಾವಿರ ನಂಬರಿನ ನೀರುಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ಒಂದಿದ್ದರೆ ಮನೆಗೆ ಸಾಕು. ಹದಿನೈದು ಡಿಗ್ರಿ ಓರೆ ಹಿಡಿದು ಒಂದು ಕಡೆ ಉಜ್ಜುತ್ತಾ ಹೋದರೆ ಆಚೆ ಕಡೆ ಬೆರಳಿಗೆ ಸಣ್ಣಗೆ ಗರಗರ ಸಿಗುತ್ತದೆ. ಆಗ ಮಗ್ಗುಲು ಬದಲಿಸಿ. ಇಷ್ಟೇ ವಿದ್ಯೆ. ಕಲ್ಲಿಗೆ ಉಜ್ಜಿ ಬಾಯಿ ತರುವುದು ನಮ್ಮೂರಿಗೇನೂ ಹೊಸದಲ್ಲ ಬಿಡಿ. ಸಂಗನಕಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿಗಳನ್ನು ಮಾಡಿ ಮಸೆಯುತ್ತಿದ್ದರು. ಸೈಕಲ್ ಚಕ್ರ ತುಳಿದು ಸಾಣೆ ಹಿಡಿಯುವವರು ಕುಡಗೋಲು, ಈಳಿಗೆಗೆ ಸರಿ. ತೆಳ್ಳನೆ ಅಲಗನ್ನು ಆ ಕಿಡಿ ಹಾರುವ ಚಕ್ರಕ್ಕೆ ಒತ್ತಿದರೆ ಬಿಸಿಗೆ ಉಕ್ಕಿನ ಹದ ಹೋಗುತ್ತದೆ. ಹಾಗೇ, ಗ್ರಾನೈಟ್ ಕಟ್ಟೆ ಮೇಲೆ, ಸ್ಟೀಲ್ ತಟ್ಟೆಯಲ್ಲಿ ಹೆಚ್ಚುವುದನ್ನು ಬಿಡಿ. ಎಂಥ ಚಾಕುವಿನ ಬಾಯಿಯೂ ಅಲ್ಲಿ ನಾಲ್ಕು ದಿನಕ್ಕೇ ಮೊಂಡ. ಮರದ ಮಣೆ ತಗೊಳ್ಳಿ.

ದೊಡ್ಡ ಚಾಕು ನಿಜವಾಗಲೂ ಬೇಕಾಗಿದ್ದು ದೊಡ್ಡಪ್ಪನ ಮಗನಿಗೆ. ಖಾನಾವಳಿ ಇಟ್ಟಿದ್ದಾನೆ. ದಿನಾ ಚೀಲಗಟ್ಟಲೆ ಉಳ್ಳಾಗಡ್ಡಿ. ಅವನಿಗೆ ಒಯ್ದಿದ್ದು ಸ್ವಿಸ್ ವಿಕ್ಟೋರಿನಾಕ್ಸ್, ಪ್ಲಾಸ್ಟಿಕ್ ಹಿಡಿಯದು, 40 ಯೂರೋ ಆಸುಪಾಸು. ಬಡಿದು ಮಾಡಿದ್ದಲ್ಲ, ತಗಡಿನಿಂದ ಕತ್ತರಿಸಿದ್ದು. ಹಗುರ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ಮುನ್ನೂರು ಯೂರೋದ್ದೂ ಸಿಗುತ್ತಿತ್ತು ಅಂತ ಹೇಳಿದೆ, ಸುಮ್ನೆ. "ಅಣ್ಣಾ, ಅಷ್ಟು ರೊಕ್ಕದ್ದು ಕೊಟ್ಟಿದ್ರ ಅದನ್ನ ತಿಜೋರಿಯಾಗ ಇಟ್ಟು, ಉಳ್ಳಾಗಡ್ಡಿ ಹೆಚ್ಚಾಕ ನಾನು ಇನ್ನೊಂದು ತರಬೇಕಿತ್ತು" ಅಂದ.