ಲೇಬಲ್ಲಿನ ಮೇಲಿದ್ದುದು ನನ್ನದೇ ಕೈಬರಹ

ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಹನ್ನೊಂದು ವರ್ಷಗಳಿಂದ ನಿಲ್ಲುತ್ತಿದ್ದೇನೆ. ಆ ಒಂದು ಸಂಜೆಯನ್ನು ನೆನೆದರೆ ಮನಸ್ಸು ಈಗಲೂ ಚುರುಕ್ಕೆನ್ನುತ್ತದೆ.

ಆಕೆ ಶಾಲಾ ಶಿಕ್ಷಕಿ. ತಿಂಗಳುಗಟ್ಟಲೆ ಬಿಡದೆ ಕಾಡುವ ಅಲರ್ಜಿ ನೆಗಡಿ. ಮೊದಲು ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ ಕೊಟ್ಟೆವು. ಗುಣವಿಲ್ಲ ಎಂದರು. ನಾನೇ ವೈದ್ಯರಿಗೆ ಫೋನ್ ಮಾಡಿ ಇನ್ನೊಂದು ಸ್ಟೀರಾಯ್ಡ್ ಆದ ಮೊಮೆಟಾಸೋನ್‌ಗೆ ಬದಲಿಸಲು ಸೂಚಿಸಿದೆ. ಪರಿಣಾಮದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ ಎಂದು ಗೊತ್ತಿದ್ದೂ ಸೂಚಿಸಿದೆ. ಮುಂದಿನ ತಿಂಗಳು ಸ್ಟೀರಾಯ್ಡಿಗೆ ಅಜೆಲಾಸ್ಟಿನ್ ಎಂಬ ಅಲರ್ಜಿ ತಡೆಯುವ ಔಷಧಿ ಬೆರೆತ ಸ್ಪ್ರೇ. ಬಾಯಿ ಕಹಿಯಾಗುತ್ತದೆ, ಮೂಗು ಮಾತ್ರ ಹಾಗೆಯೇ ಇದೆ ಎಂದು ಮತ್ತೆ ಬಂದರು.

ಆ ಹೊತ್ತಿಗೆ ಏಳು ಟೋಕನ್ ಬಾಕಿಯಿತ್ತು. ಆಕೆ ಕೈಚೀಲದಿಂದ ಇನ್ನೊಂದು ಪುಟ್ಟ ಬಾಟಲಿ ತೆಗೆದು ಕೌಂಟರಿನ ಮೇಲಿಟ್ಟರು. “ನೀವು ಕೊಟ್ಟ ಮೂರೂ ವ್ಯರ್ಥ. ನನ್ನನ್ನು ಕಾಪಾಡುತ್ತಿರುವುದು ಇದೊಂದೇ.”

ಝೈಲೊಮೆಟಾಝೋಲಿನ್. ಐದು ತಿಂಗಳ ಹಿಂದಿನ ಲೇಬಲ್ಲು, ಅದರ ಮೇಲೆ ನನ್ನ ಕೈಬರಹ: ‘ಮೂಗು ಕಟ್ಟಿದಾಗ’. ಎಷ್ಟು ದಿನ ಎಂದು ಬರೆದಿರಲಿಲ್ಲ. ಖಾಲಿಯಾದಾಗಲೆಲ್ಲ ಆಕೆ ಅದನ್ನೇ ತೋರಿಸಿ ಹೊಸದನ್ನು ಕೊಂಡಿದ್ದರು.

ಈ ಔಷಧಿ ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸಿ ನಿಮಿಷಗಳಲ್ಲೇ ಉಸಿರು ಬಿಡಿಸುತ್ತದೆ. ಸ್ಟೀರಾಯ್ಡ್ ಸ್ಪ್ರೇ ಪೂರ್ಣ ಫಲ ಕೊಡಲು ಎರಡು ವಾರ ಹಿಡಿಯಬಹುದು. ಎರಡನ್ನೂ ಕೈಯಲ್ಲಿ ಹಿಡಿದವರು ಯಾವುದನ್ನು ನಂಬುತ್ತಾರೆ? ಆದರೆ ಝೈಲೊಮೆಟಾಝೋಲಿನ್ ಮೂರರಿಂದ ಐದು ದಿನ ದಾಟಿದರೆ, ಅದರ ಪ್ರಭಾವ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟತೊಡಗುತ್ತದೆ. ನಾನು ಸ್ಟೀರಾಯ್ಡನ್ನು ಸ್ಟೀರಾಯ್ಡಿನೊಂದಿಗೆ ಹೋಲಿಸುತ್ತ ಕುಳಿತಿದ್ದೆ. ಆಕೆ ಪ್ರತಿಯೊಂದನ್ನೂ ಈ ಪುಟ್ಟ ಬಾಟಲಿಯೊಂದಿಗೆ ಹೋಲಿಸುತ್ತಿದ್ದರು.

ಚೀಟಿಯಿಲ್ಲದೆ ಮಾರಿದ ಔಷಧಿ ನಮ್ಮ ಬಿಲ್ಲಿಂಗ್ ತಂತ್ರಾಂಶದಲ್ಲಿ ರೋಗಿಯ ಹೆಸರಿಗೆ ಸೇರುವುದೇ ಇಲ್ಲ. ಸರಿಪಡಿಸಿ ಎಂದು ಎರಡು ಸಲ ಬರೆದುಕೊಟ್ಟಿದ್ದೇನೆ, ಆಡಳಿತದಿಂದ ಉತ್ತರವಿಲ್ಲ. ಆದರೂ “ಮೂಗಿಗೆ ಬೇರೇನಾದರೂ ಹಾಕುತ್ತೀರಾ?” ಎಂದು ಕೇಳಲು ತಂತ್ರಾಂಶ ಬೇಕಿರಲಿಲ್ಲ. ಮೂರು ತಿಂಗಳಲ್ಲಿ ಒಮ್ಮೆಯೂ ಕೇಳಲಿಲ್ಲ.

ಬಾಟಲಿ ತಿರುಗಿಸುತ್ತ ಒಂದು ನಿಮಿಷ ಸುಮ್ಮನಿದ್ದೆ. ಸರದಿಯಲ್ಲಿದ್ದವರು ಗೊಣಗಿದರು. ಕೊನೆಗೆ, “ಈ ಲೇಬಲ್ಲು ಬರೆದವನು ನಾನೇ ಮೇಡಂ. ತಪ್ಪು ನನ್ನದು. ಇದನ್ನು ನಿಲ್ಲಿಸಬೇಕು” ಎಂದೆ.

ಆಕೆ ಸಿಟ್ಟಾಗಲಿಲ್ಲ. “ಹಾಗಾದರೆ ಈ ರಾತ್ರಿ ನಾನು ನಿದ್ದೆ ಮಾಡುವುದು ಹೇಗೆ?” ಎಂದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೌಂಟರನ್ನು ಸಹೋದ್ಯೋಗಿಗೆ ಬಿಟ್ಟು ಆಕೆಯನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಝೈಲೊಮೆಟಾಝೋಲಿನ್ ಅನ್ನು ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೆ. ಜೊತೆಗೆ ಉಪ್ಪುನೀರಿನ ಸ್ಪ್ರೇ, ಸ್ಟೀರಾಯ್ಡ್ ತಪ್ಪದೆ ದಿನವೂ ಎಂದು ಅವರು ನಿರ್ಧರಿಸಿದರು. ಬಲಹೊಳ್ಳೆಗೆ ಎಡಗೈಯಿಂದ, ನಳಿಕೆಯ ತುದಿ ಮೂಗಿನ ನಡುಗೋಡೆಗೆ ತಾಗದಂತೆ ಹೊರಮುಖವಾಗಿ ಹಿಡಿಯುವುದನ್ನು ನಾನು ತೋರಿಸಿಕೊಟ್ಟೆ. ಅದನ್ನೂ ಮೊದಲ ದಿನವೇ ಮಾಡಬೇಕಿತ್ತು.

ಐದು ವಾರಗಳ ನಂತರ ಆಕೆ ಬಂದರು. ಮೊದಲ ನಾಲ್ಕು ರಾತ್ರಿ ದಿಂಬಿಗೆ ಒರಗಿ ಕುಳಿತೇ ಕಳೆದೆ ಎಂದರು. ಮಾತು ಮೂಗಿನಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಕೊಂಡೊಯ್ದದ್ದು ಫ್ಲುಟಿಕಾಸೋನ್: ಮೊದಲ ತಿಂಗಳೇ ನಾನು ಬದಲಿಸಲು ಹೇಳಿದ್ದ ಅದೇ ಸ್ಪ್ರೇ.