ಹನ್ನೆರಡು ಟ್ರೇ, ಒಂದು ಟಿಗ್, ಒಂದು ರಬ್ಬರ್ ಬಳೆ

ನಿನ್ನೆ ರಾತ್ರಿ ಹತ್ತೂವರೆಗೆ ಮೊದಲ ಸಲ ಕಾಫಿ ಒಣಗಿಸುವ ಅಲ್ಯೂಮಿನಿಯಂ ಟ್ರೇಯ ಒಂದು ಮೂಲೆಯ ಬೆಸುಗೆ ಬೆಳ್ಳಗೆ ಬಂತು. ಮಸಿ ಇಲ್ಲ, ತೂತಿಲ್ಲ, ನುಲಿದ ಹಗ್ಗದ ಹಾಗೆ ಸಾಲು ಸಾಲು ಗೆರೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಟಾರ್ಚ್ ಬೆಳಕಲ್ಲಿ ನೋಡಿ, "ಚೆನ್ನಾಗಿದೆ ರೀ. ಟ್ರೇ ಎಷ್ಟಾಯ್ತು?" ಅಂದಳು. ಟ್ರೇ ಆಗಿಲ್ಲ, ಮೂಲೆ ಒಂದಾಯಿತು ಅಂದೆ. ಹನ್ನೆರಡು ಟ್ರೇ, ಟ್ರೇಗೆ ನಾಲ್ಕು ಮೂಲೆ. ಇನ್ನು 47 ಬಾಕಿ. ಅವಳು ಲೆಕ್ಕ ಹಾಕದೆ ಮಲಗಲು ಹೋದಳು, ಪುಣ್ಯ.

ವಿಷಯ ಇಷ್ಟು. ಸಕಲೇಶಪುರದ ಆಚೆ ನಮ್ಮದು ನಾಲ್ಕು ಎಕರೆ ತೋಟ. ಅರೇಬಿಕಾ ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜವನ್ನು) ಕಣದಲ್ಲಿ ಹರಡುವ ಬದಲು ಎತ್ತರದ ಜಾಲರಿ ಟ್ರೇಯಲ್ಲಿ ಒಣಗಿಸಬೇಕು ಅಂತ ಎರಡು ವರ್ಷದ ಆಸೆ. ಮರದ ಫ್ರೇಮ್ ಮಾಡಿದ್ದೆ, ಒಂದು ಮಳೆಗಾಲಕ್ಕೆ ಲಡ್ಡು ಹಿಡಿದು, ಉಳಿದದ್ದು ಗೆದ್ದಲಿನ ಪಾಲಾಯಿತು. ಕಬ್ಬಿಣ ಮಾಡಿದರೆ ತುಕ್ಕಿನ ಕಲೆ, ಜೊತೆಗೆ ಭಾರ. ಸಂಜೆ ಮೋಡ ಕಂಡ ಕೂಡಲೇ ಟ್ರೇ ಎತ್ತಿಕೊಂಡು ಓಡುವವರಿಗೆ ಭಾರ ಏನು ಅಂತ ಗೊತ್ತು. ಹಾಗಾಗಿ ಅಲ್ಯೂಮಿನಿಯಂ. 25 ಮಿಲಿಮೀಟರ್ ಚೌಕ ಪೈಪ್, ಒಂದೂವರೆ ಮಿಲಿಮೀಟರ್ ದಪ್ಪ, 6063 ಅನ್ನುವ ಮಿಶ್ರಲೋಹ.

ಮೂಲೆಗೆ ಎಲ್ ಆಂಗಲ್ ಇಟ್ಟು ಪಾಪ್ ರಿವೆಟ್ ಹೊಡೆದಿದ್ದರೆ ಒಂದು ಭಾನುವಾರದ ಕೆಲಸ. ಗೊತ್ತು. ದಯವಿಟ್ಟು ಅದನ್ನು ಹೇಳಬೇಡಿ, ಮನೆಯಲ್ಲಿ ದಿನಾ ಕೇಳುತ್ತಿದ್ದೇನೆ.

ಮೊದಲು ಕಮ್ಮಿ ಖರ್ಚಿನ ದಾರಿಗಳನ್ನೆಲ್ಲ ನೋಡಿದೆ. ಗ್ಯಾಸ್ ಟಾರ್ಚ್‌ನಿಂದ ಕರಗಿಸಿ ಅಂಟಿಸುವ ಕಡ್ಡಿ ಬರುತ್ತದಲ್ಲ, ವಿಡಿಯೋಗಳಲ್ಲಿ ಬೆಣ್ಣೆ ಸವರಿದ ಹಾಗೆ ಕಾಣುತ್ತದೆ. ಸಣ್ಣ ತುಂಡಿಗೆ ಅದು ನಿಜವಾಗಿಯೂ ಕೆಲಸ ಮಾಡಿತು. ಮೂರಡಿ ಫ್ರೇಮ್‌ಗೆ ಮಾಡಿದಾಗ, ಒಂದು ಕಡೆ ಕಾಯಿಸಿದ ಬಿಸಿಯೆಲ್ಲ ಪೈಪಿನುದ್ದಕ್ಕೂ ಹರಿದು ಹೋಯಿತು. ಸಾದಾ ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಸುಮಾರು ನಾಲ್ಕು ಪಟ್ಟು ಜೋರಾಗಿ ಬಿಸಿ ಸಾಗಿಸುತ್ತದೆ. ಕೈಲಿ ಹಿಡಿದಿದ್ದ ಇನ್ನೊಂದು ತುದಿ ಅದನ್ನು ಚೆನ್ನಾಗಿ ಕಲಿಸಿತು.

ಸ್ಪೂಲ್ ಗನ್ ಇರುವ ಮಿಗ್ ಎರಡನೇ ಆಯ್ಕೆ. ಮಿಗ್ ಅಂದರೆ ವೈರ್ ತಾನಾಗಿ ಮುಂದೆ ಬರುತ್ತ ಕರಗುವ ಬೆಸುಗೆ ಮಷಿನ್, ಸ್ಪೂಲ್ ಗನ್ ಅಂದರೆ ವೈರಿನ ಸುರುಳಿ ಗನ್ನಿನಲ್ಲೇ ಇರುವಂಥದ್ದು. ದಪ್ಪ ಕೆಲಸಕ್ಕೆ ಅದೇ ಸರಿ, ವೇಗವೂ ಜಾಸ್ತಿ. ನನ್ನದು ಒಂದೂವರೆ ಮಿಲಿಮೀಟರ್, ಮಿಗ್‌ಗೆ ಕೊಟ್ಟರೆ ತೂತೇ ಗತಿ. ಸ್ಪೂಲ್ ಗನ್ ಇಲ್ಲದೆ ಮಾಮೂಲಿ ಮಿಗ್‌ಗೆ ಅಲ್ಯೂಮಿನಿಯಂ ವೈರ್ ಹಾಕಿದರೆ ರೋಲರ್ ಹತ್ತಿರವೇ ಸುತ್ತಿಕೊಂಡು ಗುಬ್ಬಚ್ಚಿ ಗೂಡು. ಇನ್ನು ಗುಜರಿಯಲ್ಲಿ ಸಿಗುವ ಹಳೆಯ ಟ್ರಾನ್ಸ್‌ಫಾರ್ಮರ್ ಟಿಗ್. ಟಿಗ್ ಅಂದರೆ ಟಂಗ್‌ಸ್ಟನ್ ತುದಿಯಿಂದ ಆರ್ಕ್ (ವಿದ್ಯುತ್ ಕಿಡಿ) ಹೊಡೆದು, ಸುತ್ತ ಆರ್ಗಾನ್ ಗ್ಯಾಸ್ ಬಿಟ್ಟು ಗಾಳಿ ತಡೆದು ಮಾಡುವ ಬೆಸುಗೆ. ಹಳೆಯದು ಗಟ್ಟಿ ಆಳು, ಆದರೆ 415 ವೋಲ್ಟ್ ಎರಡು ಫೇಸ್ ಬೇಕು, ಎತ್ತಲು ನಾಲ್ಕು ಜನ ಬೇಕು. ನಮ್ಮ ಮನೆಗೆ ಬರುವುದು ಒಂದೇ ಫೇಸ್, ಅದೂ ಮಳೆಗಾಲದಲ್ಲಿ ಬಂದರೆ ಹಬ್ಬ.

ಉಳಿದದ್ದು ಹಗುರವಾದ ಎಲೆಕ್ಟ್ರಾನಿಕ್ ಮಷಿನ್, ಇನ್ವರ್ಟರ್ ಟಿಗ್. ಇಲ್ಲೇ ನಾನು ಗುಂಡಿಗೆ ಬಿದ್ದದ್ದು.

ಅಂಗಡಿಯ ಹೆಸರು ಬೇಡ, ಊರೂ ಬೇಡ. "ಅಲ್ಯೂಮಿನಿಯಂ ಮಾಡಬೇಕು, ಎಸಿ ಟಿಗ್ ಬೇಕು" ಅಂತ ಎರಡೆರಡು ಸಲ ಹೇಳಿದ್ದೆ. ಅವರು ಕೆಂಪು ಡಬ್ಬಿಯೊಂದನ್ನು ಎತ್ತಿಟ್ಟು, "ಸಾರ್, ಇದು ಪೂರ್ತಿ ಎಸಿನೇ. ನೋಡಿ ಬರೆದಿದೆ, 230 ವೋಲ್ಟ್ ಎಸಿ" ಅಂದರು. ಗೋಡೆಯ ಪ್ಲಗ್ಗಿನಲ್ಲಿ ಬರುವ ಕರೆಂಟನ್ನು ತೋರಿಸಿ ನನಗೆ ಎಸಿ ಮಾರಿದರು. ಟಾರ್ಚಿಗೆ ಬರುತ್ತಿದ್ದದ್ದು ಬರೀ ಡಿಸಿ. ಆ ಲೆಕ್ಕದಲ್ಲಿ ನಮ್ಮನೆ ಮಿಕ್ಸಿಯೂ ಎಸಿ ಟಿಗ್. 14,500 ಎಣಿಸಿಕೊಟ್ಟು ಬಂದೆ. ಬೆಲೆ ಕೇಳಿದಾಗಲೇ ಅನುಮಾನ ಬರಬೇಕಿತ್ತು, ನನಗೆ ಬಂದದ್ದು ಸಂತೋಷ.

ಡಿಸಿಯಲ್ಲಿ ಅಲ್ಯೂಮಿನಿಯಂ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ. ಆರ್ಕ್ ಹತ್ತುತ್ತದೆ. ಪೈಪು ಬಣ್ಣ ಬದಲಿಸುವುದಿಲ್ಲ, ಕೆಂಪಾಗುವುದಿಲ್ಲ, ಸುಮ್ನೆ ಕೂತಿರುತ್ತದೆ. ಮೇಲೆ ಹಾಲಿನ ಕೆನೆಯ ಹಾಗೆ ಬೂದು ಪದರ. ಲೋಹ ಕರಗುವುದು 660 ಡಿಗ್ರಿಗೆ, ಆ ಆಕ್ಸೈಡ್ ಕೆನೆ ಕರಗಲು 2000 ಡಿಗ್ರಿ ದಾಟಬೇಕು. ಕೆನೆಯ ಅಡಿಯಲ್ಲಿ ಲೋಹ ನೀರಾಗಿದೆ, ಮೇಲೆ ಗೊತ್ತೇ ಆಗುವುದಿಲ್ಲ. ಫಿಲ್ಲರ್ ಕಡ್ಡಿ (ಬೆಸುಗೆಗೆ ಕರಗಿಸಿ ತುಂಬುವ ಲೋಹದ ಕಡ್ಡಿ) ಚುಚ್ಚಿದರೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿ ಉರುಳಿ ಹೋಗುತ್ತದೆ. ಇನ್ನೊಂಚೂರು ಬಿಸಿ ಕೊಡೋಣ ಅಂದುಕೊಳ್ಳುವಷ್ಟರಲ್ಲಿ ಇಡೀ ಮೂಲೆ ಕೆನೆ ಸಮೇತ ಚಪ್ಪಲಿ ಮೇಲೆ. ಎಸಿಯಲ್ಲಾದರೆ ಅರ್ಧ ಸುತ್ತು ಕೆನೆ ಒಡೆಯುತ್ತದೆ, ಅರ್ಧ ಸುತ್ತು ಲೋಹ ಕರಗಿಸುತ್ತದೆ. ಅದಕ್ಕೇ ಅಷ್ಟು ದುಡ್ಡು.

ಮಷಿನ್ ಕೊಳ್ಳುವವರು ಮುಂದಿನ ಬಣ್ಣ ನೋಡಬೇಡಿ, ಹಿಂದಿನ ತಗಡು ನೋಡಿ. ರೇಟಿಂಗ್ ಪ್ಲೇಟಿನಲ್ಲಿ ಔಟ್‌ಪುಟ್ ಸಾಲು ಬೇರೆ ಇರುತ್ತದೆ. ಅಲ್ಲಿ ಒಂದು ನೇರ ಗೆರೆ, ಅದರಡಿ ಚುಕ್ಕೆ ಗೆರೆ ಮಾತ್ರ ಇದ್ದರೆ ಅದು ಡಿಸಿ, ಮಾತು ಮುಗಿಯಿತು. ಅಲೆಯ ಗುರುತೂ ಇರಬೇಕು. ಮುಂದೆ ಎಸಿ ಬ್ಯಾಲೆನ್ಸ್ ಅಥವಾ ಕ್ಲೀನಿಂಗ್ ಅಂತ ಒಂದು ನಾಬ್ ಅಥವಾ ಸೆಟ್ಟಿಂಗ್ ಸಾಮಾನ್ಯವಾಗಿ ಇರುತ್ತದೆ. "ಪಲ್ಸ್ ಇದೆ ಸಾರ್" ಅನ್ನುತ್ತಾರೆ. ಪಲ್ಸ್ ಬೇರೆ, ಎಸಿ ಬೇರೆ. ಪಲ್ಸ್‌ನಲ್ಲಿ ಕರೆಂಟ್ ಏರಿಳಿಯುತ್ತದೆ ಅಷ್ಟೇ, ದಿಕ್ಕು ಬದಲಿಸುವುದಿಲ್ಲ.

ಆ ಕೆಂಪು ಡಬ್ಬಿಯನ್ನು ಪೇಟೆಯ ಫ್ಯಾಬ್ರಿಕೇಶನ್ ಮೇಸ್ತ್ರಿಗೆ ಹನ್ನೊಂದು ಸಾವಿರಕ್ಕೆ ಕೊಟ್ಟೆ, ಅವರ ಸ್ಟೀಲ್ ರೇಲಿಂಗ್ ಕೆಲಸಕ್ಕೆ ಚೆನ್ನಾಗಿ ಓಡುತ್ತಿದೆ. ಮೇಲೆ ಕೈಯಿಂದ ಹಾಕಿ 46,000ಕ್ಕೆ 200 ಆಂಪ್ಸಿನ ಎಸಿ ಡಿಸಿ ಟಿಗ್ ತರಿಸಿದೆ. 200 ಆಂಪ್ಸ್ ಅಂದ ತಕ್ಷಣ ಮನೆ ಮೀಟರ್ ಹಾರಿಹೋಗುತ್ತದೆ ಅಂತ ನಾನೂ ಹೆದರಿದ್ದೆ. ಒಂದು ಮಿಲಿಮೀಟರಿಗೆ ಸುಮಾರು 40 ಆಂಪ್ಸ್ ಲೆಕ್ಕ. ನನ್ನ ಪೈಪಿಗೆ 60, ಹೆಚ್ಚೆಂದರೆ 80. ಆರ್ಕಿನ ವೋಲ್ಟೇಜ್ ಹದಿಮೂರು ಹದಿನಾಲ್ಕು. ನಷ್ಟ ಗಿಷ್ಟ ಎಲ್ಲ ಸೇರಿಸಿದರೂ ಒಂದೂವರೆ ಕಿಲೋವ್ಯಾಟ್ ಆಸುಪಾಸು, ನೀರು ಕಾಯಿಸುವ ಗೀಸರಿಗಿಂತ ಕಮ್ಮಿ. 16 ಆಂಪ್ಸಿನ ಪ್ಲಗ್ ಧಾರಾಳ ಸಾಕು. ನೀವು ಮಾಡುವುದು ಇಂಥ ತೆಳು ಕೆಲಸವೇ ಆದರೆ 250, 300ರ ಮಷಿನ್‌ಗೆ ಆಸೆ ಪಡಬೇಡಿ. ಉಳಿದ ದುಡ್ಡಲ್ಲಿ ಫುಟ್ ಪೆಡಲ್ ತಗೊಳ್ಳಿ. ಪೈಪ್ ಬಿಸಿಯಾಗುತ್ತ ಹೋದ ಹಾಗೆ ಕಾಲು ಸಡಿಲಿಸದಿದ್ದರೆ ಕೊನೆಯ ಅರ್ಧ ಇಂಚು ಉಳಿಯುವುದಿಲ್ಲ.

ಮೊದಲ ವಾರ ಚಪ್ಪಟೆ ಪಟ್ಟಿಯ ಮೇಲೆ ಅಭ್ಯಾಸ. ನೀಲಿ ಗುರುತಿನ ಟಂಗ್‌ಸ್ಟನ್, 4043 ಫಿಲ್ಲರ್, ಆರ್ಗಾನ್ ನಿಮಿಷಕ್ಕೆ ಎಂಟು ಲೀಟರ್. ಸೊಟ್ಟ ಇತ್ತು, ಆದರೆ ಬೆಳ್ಳಗಿತ್ತು. ಆಮೇಲೆ ನಿಜವಾದ ಟ್ರೇ ಮೂಲೆಗೆ ಕೈಹಾಕಿದೆ.

ಮಸಿ. ಇದ್ದಿಲು ತಿಕ್ಕಿದ ಹಾಗೆ ಕಪ್ಪು. ಬ್ರಷ್ ಹಾಕಿ ಒರೆಸಿದರೆ ಅಡಿಯಲ್ಲಿ ಸೆಟ್ ದೋಸೆಯ ಮೇಲಿನ ತೂತುಗಳು. ಆರ್ಕ್ ಚಟಪಟ ಅನ್ನುತ್ತದೆ, ಟಂಗ್‌ಸ್ಟನ್ ತುದಿ ನೀಲಿ ಹಸಿರಾಗಿ ಸಿಪ್ಪೆ ಏಳುತ್ತದೆ. ಒಂದು ಮೂಲೆಗೆ ಮೂರು ಸಲ ತುದಿ ಚೂಪು ಮಾಡಿದೆ. ಮೂರು ರಾತ್ರಿ ಹೀಗೇ.

ಮೊದಲ ಅನುಮಾನ ಮಳೆಯ ಮೇಲೆ. ಪುಷ್ಯ ಮಳೆ ಬಿಡದೆ ಹೊಡೆಯುತ್ತಿತ್ತು, ಬೀರುವಿನಲ್ಲಿದ್ದ ಬೆಲ್ಟಿಗೂ ಬೂಷ್ಟು. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ನನ್ನು ಚೆನ್ನಾಗಿ ಕುಡಿಯುತ್ತದೆ, ಗಟ್ಟಿಯಾಗುವಾಗ ಅಷ್ಟನ್ನೂ ಕಕ್ಕುತ್ತದೆ. ಹೊರಗೆ ಹೋಗಲು ಸಮಯ ಸಿಗದ ಗುಳ್ಳೆಗಳೇ ಆ ತೂತು. ತೇವದಿಂದ ಹೈಡ್ರೋಜನ್ ಬರುತ್ತದೆ, ಮಲೆನಾಡಲ್ಲಿ ತೇವಕ್ಕೆ ಬರವೇ? ಪೈಪುಗಳನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟೆ. ಅಸಿಟೋನ್‌ನಲ್ಲಿ ಒರೆಸಿದೆ, ಹೊಸ ಸ್ಟೀಲ್ ಬ್ರಷ್ ತಂದೆ, ಫಿಲ್ಲರ್ ಕಡ್ಡಿಯನ್ನೂ ಒರೆಸಿದೆ. ಹೆಂಡತಿ ಕೇಳಿದಳು, ಇಷ್ಟು ಶ್ರದ್ಧೆಯಿಂದ ಒಂದು ದಿನವಾದರೂ ಪಾತ್ರೆ ತೊಳೆದಿದ್ದೀರಾ ಅಂತ. ಮಸಿ ಹಾಗೇ ಇತ್ತು.

ಎರಡನೇ ಅನುಮಾನ ಗ್ಯಾಸಿನವರ ಮೇಲೆ. ಇದಕ್ಕೆ ಕಾರಣ ಇತ್ತು. ಮಸಿ ಶುರುವಾದ ದಿನವೇ ಹೊಸ ಸಿಲಿಂಡರ್ ಹಾಕಿದ್ದೆ. ಹತ್ತು ಲೀಟರಿನ ಸಣ್ಣ ಸಿಲಿಂಡರ್, ಪೂರ್ತಿ ತುಂಬಿದರೆ ಒಂದೂವರೆ ಕ್ಯೂಬಿಕ್ ಮೀಟರ್, ನನ್ನ ಬಳಕೆಗೆ ಮೂರು ಗಂಟೆ ಆರ್ಕ್. ಮಿಗ್‌ನವರು ಬಳಸುವ ಕಾರ್ಬನ್ ಡೈಆಕ್ಸೈಡ್ ಮಿಕ್ಸ್ ತುಂಬಿಕೊಟ್ಟರೆ ಟಿಗ್‌ನಲ್ಲಿ ಹೀಗೇ ಆಗುವುದು. ನನಗೆ ನೂರಕ್ಕೆ ನೂರು ಖಾತ್ರಿಯಾಯಿತು. ಫೋನಿನಲ್ಲಿ ಜೋರಾಗಿಯೇ ಮಾತಾಡಿದೆ. ಅವರು ಶಾಂತವಾಗಿ, "ತಗೊಂಡು ಬನ್ನಿ ಸಾರ್, ನೋಡೋಣ" ಅಂದರು. ಪಕ್ಕದ ತೋಟದವರ ಪಿಕಪ್ ಹಾಸನಕ್ಕೆ ಗೊಬ್ಬರಕ್ಕೆ ಹೊರಟಿತ್ತು. ಹಿಂದೆ ಸಿಲಿಂಡರ್ ಕಟ್ಟಿಕೊಂಡು ದಾರಿಯುದ್ದಕ್ಕೂ ಬೈಗುಳದ ವಾಕ್ಯ ಜೋಡಿಸಿಕೊಂಡು ಹೋದೆ.

ಅಲ್ಲಿಯ ಹುಡುಗ ನನ್ನ ಸಿಲಿಂಡರಿಗೆ ತನ್ನ ವೆಲ್ಡಿಂಗ್ ಟಾರ್ಚ್ ಜೋಡಿಸಿದ. ಒಂದು ತುಂಡು ಅಲ್ಯೂಮಿನಿಯಂ ಮೇಲೆ ಎರಡು ಇಂಚು ಎಳೆದ. ಬೆಳ್ಳಿ ಲೋಟದ ಹಾಗೆ ಹೊಳೆಯುವ ಗೆರೆ, ಎರಡು ಪಕ್ಕ ಹಿಮ ಬಿದ್ದ ಹಾಗೆ ಬಿಳಿ ಅಂಚು. "ಗ್ಯಾಸ್ ಸರಿ ಇದೆ ಸಾರ್" ಅಂದ. ಜೋಡಿಸಿಟ್ಟ ವಾಕ್ಯಗಳನ್ನು ನುಂಗಿ ಅವರದೇ ಟೀ ಕುಡಿದೆ. ಹೊರಡುವಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಟಾರ್ಚಲ್ಲಿ ಏನಾದ್ರೂ ಬದಲಾಯಿಸಿದ್ರಾ?"

ಇಲ್ಲ ಅಂದೆ. ದೋಣಿಗಾಲ್ ದಾಟುವಾಗ ನೆನಪಾಯಿತು.

ಟ್ರೇ ಮೂಲೆಯ ಒಳಗೆ ಟಾರ್ಚ್ ಹಿಡಿಸುತ್ತಿರಲಿಲ್ಲ. ಹಿಂದಿನ ಉದ್ದ ಕ್ಯಾಪ್ ಎದುರಿನ ಪೈಪಿಗೆ ತಾಗುತ್ತಿತ್ತು. ಅದಕ್ಕೇ ಆನ್‌ಲೈನ್‌ನಲ್ಲಿ ತರಿಸಿದ ನಲವತ್ತು ಪೀಸಿನ ಕಿಟ್‌ನಿಂದ ಗಿಡ್ಡ ಕ್ಯಾಪ್ ಹಾಕಿದ್ದೆ. ಹೊಸ ಸಿಲಿಂಡರ್ ಹಾಕಿದ ಅದೇ ಸಂಜೆ.

ಮನೆಗೆ ಬಂದವನೇ ಟಂಗ್‌ಸ್ಟನ್ ತೆಗೆದಿಟ್ಟು, ಕ್ಯಾಪ್ ಬಿಗಿ ಮಾಡಿ, ಮಷಿನ್‌ನ ಗ್ಯಾಸ್ ಟೆಸ್ಟ್ ಬಟನ್ ಒತ್ತಿದೆ. ಟಾರ್ಚಿನ ಮುಂದೆ ಗ್ಯಾಸ್ ಹೊರಬರುವ ಕಪ್ಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಹಿಂದಿನ ಕ್ಯಾಪಿನ ಸುತ್ತ ಸೋಪಿನ ನೀರು ಹಚ್ಚಿದೆ. ಬುಸ್ ಅಂತ ನೊರೆ ಎದ್ದಿತು. ಮಗು ಎಂಜಲು ಗುಳ್ಳೆ ಊದಿದ ಹಾಗೆ, ಒಂದರ ಹಿಂದೊಂದು. (ಟ್ರಿಗರ್ ಒತ್ತಿ ಈ ಪರೀಕ್ಷೆ ಮಾಡಬೇಡಿ. ಆರ್ಕ್ ಹತ್ತಿಸುವ ಹೈ ಫ್ರೀಕ್ವೆನ್ಸಿ ಕರೆಂಟ್ ಹೆಬ್ಬೆರಳಿಗೇ ಹೊಡೆಯುತ್ತದೆ.) ಕ್ಯಾಪ್ ಬಿಚ್ಚಿ ನೋಡಿದರೆ, ಓ ರಿಂಗ್ (ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಬಳೆ) ಕೂರುವ ತೋಡು ಖಾಲಿ. ಹರಿದಿಲ್ಲ, ಸವೆದಿಲ್ಲ, ಇರಲೇ ಇಲ್ಲ. ನಲವತ್ತು ಪೀಸಿನ ಕಿಟ್, ನಲವತ್ತೊಂದನೆಯದು ಅದಾಗಿತ್ತು ಅಂತ ಕಾಣುತ್ತದೆ. ಆರ್ಗಾನ್ ಹಿಂದಿನಿಂದ ಸೋರುತ್ತಿತ್ತು. ಸೋರಿದ ಜಾಗದಿಂದಲೇ ನಮ್ಮ ಒದ್ದೆ ಗಾಳಿ ಒಳಗೆ ಎಳೆದುಕೊಂಡು ಸೀದಾ ಟಂಗ್‌ಸ್ಟನ್ ಮೇಲೆ ಬೀಳುತ್ತಿತ್ತು.

ಉದ್ದ ಕ್ಯಾಪಿನ ರಿಂಗ್ ಕಿತ್ತು ಗಿಡ್ಡದಕ್ಕೆ ಹಾಕಿದೆ. ಹತ್ತೂವರೆಗೆ ಮೂಲೆ ಬೆಳ್ಳಗಾಯಿತು.

ಇವತ್ತು ಬೆಳಿಗ್ಗೆ ಗ್ಯಾಸಿನವರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ನಕ್ಕರು. ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯ ರಿಂಗ್ ಹುಡುಕಿ ಹತ್ತು ತಂದೆ. ಒಂದಕ್ಕೆ ಐದು ರೂಪಾಯಿ.

ಸುದ್ದಿ ಹಬ್ಬಿ ಪಕ್ಕದ ತೋಟದ ಹುಡುಗ ಮೆಣಸು ಕೊಯ್ಯುವ ಮುರಿದ ಅಲ್ಯೂಮಿನಿಯಂ ಏಣಿ ಹೊತ್ತು ತಂದ. "ಅಣ್ಣ, ಒಂದು ವೆಲ್ಡ್ ಹೊಡೆದುಕೊಡಿ." ಆಗಲ್ಲಪ್ಪ ಅಂದೆ. ಅವನಿಗೆ ಬೇಜಾರಾಯಿತು. ಆದರೆ ಅಂಥ ಪೈಪನ್ನು ಕಾರ್ಖಾನೆಯಲ್ಲಿ ಹದ ಮಾಡಿ ಗಟ್ಟಿ ಮಾಡಿರುತ್ತಾರೆ. ಬೆಸೆದರೆ ಪಕ್ಕದ ಜಾಗದ ಹದ ಹೋಗಿ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಬೆಸುಗೆ ಗಟ್ಟಿ, ಅದರ ಪಕ್ಕ ಮೆತ್ತಗೆ. ಟ್ರೇ ಮುರಿದರೆ ಕಾಫಿ ಚೆಲ್ಲುತ್ತದೆ. ಸಿಲ್ವರ್ ಮರದಲ್ಲಿ ಮೂವತ್ತಡಿ ಮೇಲೆ ಏಣಿ ಮುರಿದರೆ? ಕರೆಂಟ್ ಲೈನಿಗೆ ತಾಗಿಸಿಕೊಂಡು ಈ ಏಣಿಯಲ್ಲಿ ಹೋದ ಜೀವಗಳೇ ಸಾಕಷ್ಟಿವೆ. ಆ ಏಣಿ ಕತ್ತರಿಸಿ ನನಗೇ ಕೊಡು, ಅಭ್ಯಾಸಕ್ಕೆ ಆಗುತ್ತದೆ ಅಂದೆ. ಇನ್ನೂ ಬೇಜಾರಾಯಿತು.

ಆ ಏಣಿ ನೋಡುವಾಗಲೇ ತಲೆಗೆ ಬಂದದ್ದು, ದೋಣಿ. ಹೇಮಾವತಿ ಹಿನ್ನೀರಿಗೆ ಇಬ್ಬರು ಕೂರುವ ಚಪ್ಪಟೆ ತಳದ ಪುಟ್ಟ ದೋಣಿ. ಶೆಟ್ಟಿಹಳ್ಳಿಯಲ್ಲಿ ಮುಳುಗಿದ ಚರ್ಚಿನ ಸುತ್ತ ನೀರು ನೋಡಿದಾಗಲೆಲ್ಲ ಈ ಹುಚ್ಚು ಏಳುತ್ತದೆ. 5052 ಅಲ್ಯೂಮಿನಿಯಂ ಶೀಟ್, ಎರಡು ಮಿಲಿಮೀಟರ್, 5356 ಫಿಲ್ಲರ್. 5052 ಕಾಯಿಸಿ ಹದ ಮಾಡಿದ ಜಾತಿಯಲ್ಲ, ಮೆಗ್ನೀಷಿಯಂ ಬೆರೆತದ್ದು, ಹಾಗಾಗಿ ಬೆಸೆದರೆ ಏಣಿಯಷ್ಟು ಸೋಲುವುದಿಲ್ಲ. ಹನ್ನೊಂದಡಿ ಸಾಕು. ಕ್ಯಾಲೆಂಡರ್ ಹಾಳೆಯ ಹಿಂದೆ ನಕ್ಷೆ ಆಗಿದೆ. ಉದ್ದ ಸೀಮ್‌ಗೆ ಟಿಗ್ ಹಿಡಿದು ಕೂತರೆ ಮುದುಕನಾಗುತ್ತೇನೆ, ಸ್ಪೂಲ್ ಗನ್ ಬೇಕಾಗಬಹುದು. ಹೆಂಡತಿಗೆ ಇನ್ನೂ ಹೇಳಿಲ್ಲ, ಕ್ಯಾಲೆಂಡರ್ ತಿರುಗಿಸಿ ನೇತು ಹಾಕಿದ್ದೇನೆ.

ಇವತ್ತು ಸಂಜೆ ನಾಲ್ಕು ಮೂಲೆ ಮುಗಿದವು, ಅಂದರೆ ಒಂದು ಟ್ರೇ ಪೂರ್ತಿ. ಒಂದು ಮೂಲೆ ಸ್ವಲ್ಪ ತಿರುಚಿಕೊಂಡಿದೆ, ಮೇಜಿನ ಮೇಲಿಟ್ಟರೆ ಟಕ್ ಟಕ್ ಅನ್ನುತ್ತದೆ. ಮೂಲೆಗಳನ್ನು ಒಂದರ ಪಕ್ಕ ಒಂದು ಹೊಡೆಯದೆ ಎದುರುಬದುರು ಹೊಡೆಯಬೇಕಿತ್ತು. ಉಳಿದ ಒಂಬತ್ತು ರಿಂಗುಗಳನ್ನು ಸಾಸಿವೆ ಡಬ್ಬಿಯ ಪಕ್ಕದ ಡಬ್ಬಿಯಲ್ಲಿಟ್ಟಿದ್ದೆ, ಕಳೆದುಹೋಗಬಾರದು ಅಂತ. ಈಗ ಅಡುಗೆಮನೆಯಿಂದ ಕೂಗು ಬರುತ್ತಿದೆ, ಹೋಗಿ ನೋಡಬೇಕು.